ಡೀಸೆಲ್ ಕಳೆದು ಉಳಿದದ್ದು

ಅಂಜಲ್ ಮೀನು ಕೆಜಿಗೆ ಸಾವಿರ ರೂಪಾಯಿ ದಾಟಿದಾಗಲೆಲ್ಲ ಬೆಂಗಳೂರಿನ ಓದುಗರಿಂದ ಪತ್ರ ಬರುವುದು ಖಾಯಂ. ‘ಈ ದರ ಇದ್ದ ಮೇಲೆ ನಿಮ್ಮ ಕಡೆಯ ಮೀನುಗಾರರಿಗೆ ಒಳ್ಳೆ ಸಂಪಾದನೆ ಇರಬೇಕಲ್ಲ, ತಿಂಗಳಿಗೆ ಎಷ್ಟು ಸಿಗುತ್ತೆ?’ ಎಂಬುದು ಅದರ ಒಟ್ಟು ತಾತ್ಪರ್ಯ. ಬಜೆಟ್ ಹತ್ತಿರ ಬಂದಾಗ ಕೇಳುವವರು ಬೇರೆ. ಅರಣ್ಯ ಮತ್ತು ಮೀನುಗಾರಿಕೆಯಿಂದ ರಾಜ್ಯಕ್ಕೆ ಇಷ್ಟು ಸಾವಿರ ಕೋಟಿ ಎಂದು ಆರ್ಥಿಕ ಸಮೀಕ್ಷೆಯಲ್ಲಿ ಓದಿದವರು ಅದನ್ನು ದುಡಿಯುವವರ ಸಂಖ್ಯೆಯಿಂದ ಭಾಗಿಸಿ, ‘ತಲೆಗೆ ಇಷ್ಟು ಬರುತ್ತೆ, ಸರಿಯೇ?’ ಎಂದು ಕೇಳುತ್ತಾರೆ. ಭಾಗಾಕಾರ ಸರಿಯಾಗಿಯೇ ಇರುತ್ತದೆ. ಆದರೆ ಆ ಉತ್ತರದಷ್ಟು ದುಡ್ಡನ್ನು ತಿಂಗಳು ತಿಂಗಳು ಮನೆಗೆ ಒಯ್ಯುವ ಬೋಟಿನ ಒಬ್ಬ ಕಲಾಸಿಯನ್ನಾಗಲಿ, ಕಾಡಿನಲ್ಲಿ ಉಪ್ಪಾಗೆ ಹಣ್ಣು ಕೊಯ್ಯುವ ಒಬ್ಬ ಮನುಷ್ಯನನ್ನಾಗಲಿ ನಾನಿನ್ನೂ ಕಂಡಿಲ್ಲ.

ಆ ಸಾವಿರ ಕೋಟಿಯನ್ನೇ ಮೊದಲು ಬಿಡಿಸಿ ನೋಡೋಣ. ರಾಜ್ಯದ ಆಂತರಿಕ ಉತ್ಪನ್ನದ ಲೆಕ್ಕದಲ್ಲಿ ಮೀನುಗಾರಿಕೆ ಎಂದರೆ, ಬಂದರಿಗೆ ಬಂದ ಮತ್ತು ಕೆರೆ, ಜಲಾಶಯಗಳಲ್ಲಿ ಹಿಡಿದ ಮೀನಿನ ಬೆಲೆಯಿಂದ ಡೀಸೆಲ್, ಐಸು ಮುಂತಾದ ಖರ್ಚು ಕಳೆದು ಉಳಿದ ಮೊತ್ತ. ಬೋಟು ಮಾಲಿಕನ ಲಾಭ, ಅವನು ಬ್ಯಾಂಕಿಗೆ ಕಟ್ಟುವ ಬಡ್ಡಿ, ಕಲಾಸಿಯ ಪಾಲು, ಎಲ್ಲವೂ ಆ ಒಂದೇ ಮೊತ್ತದೊಳಗೆ ಸೇರಿಕೊಂಡಿವೆ. ಅರಣ್ಯದ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿ ಮರಮಟ್ಟಿದೆ, ಜೇನು, ಸೀಗೆ, ಬೆತ್ತದಂಥ ಕಿರು ಉತ್ಪನ್ನಗಳಿವೆ, ಜೊತೆಗೆ ಸೌದೆ ಇದೆ. ಸೌದೆಯಲ್ಲಿ ಮಾರಾಟವಾದದ್ದನ್ನು ಮಾತ್ರ ಹಿಡಿಯುವುದಿಲ್ಲ, ಮನೆ ಮನೆಯ ಒಲೆಗೆ ಹೋದದ್ದನ್ನೂ ಕುಟುಂಬಗಳ ಬಳಕೆಯ ಸಮೀಕ್ಷೆಯಿಂದ ಅಂದಾಜು ಮಾಡಿ ಬೆಲೆ ಕಟ್ಟುತ್ತಾರೆ. ಸಿದ್ದಾಪುರದ ಒಬ್ಬ ಹೆಂಗಸು ಬೆಟ್ಟದಿಂದ ತಲೆಹೊರೆ ತಂದು ಗಂಜಿ ಬೇಯಿಸಿದರೆ ಅದೂ ರಾಜ್ಯದ ಅರಣ್ಯ ಆದಾಯವೇ. ಆಕೆಯ ಕೈಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಸರಕಾರ ಸುಳ್ಳು ಹೇಳುತ್ತಿದೆ ಎಂದು ನಾನು ಹೇಳುತ್ತಿಲ್ಲ. ಆ ಲೆಕ್ಕ ಇರುವುದು ಉತ್ಪನ್ನ ಎಷ್ಟಾಯಿತು ಎಂದು ತಿಳಿಯುವುದಕ್ಕೆ. ಯಾರ ಜೇಬಿಗೆ ಎಷ್ಟು ಹೋಯಿತು ಎಂಬ ಪ್ರಶ್ನೆಗೆ ಬಂದರಿನ ಧಕ್ಕೆಗೇ ಹೋಗಬೇಕು.

ಧಕ್ಕೆಯಲ್ಲಿ ಸಂಬಳ ಎಂಬ ಮಾತು ಅಪರೂಪ. ಬೋಟಿನಲ್ಲಿ ದುಡಿಯುವವರು ಕಲಾಸಿಗಳು, ಅವರ ಮುಂದಾಳು ತಾಂಡೇಲ, ಇವರಿಗೆಲ್ಲ ಸಿಗುವುದು ಪಾಲು. ಮೀನು ಮಾರಿ ಬಂದ ದುಡ್ಡಿನಿಂದ ಮೊದಲು ಖರ್ಚು ತೆಗೆಯುತ್ತಾರೆ. ಉಳಿದದ್ದರಲ್ಲಿ ದೊಡ್ಡ ಭಾಗ ಬೋಟಿಗೆ, ಅಂದರೆ ಮಾಲಿಕನಿಗೆ. ಮಿಕ್ಕದ್ದು ಕಲಾಸಿಗಳಿಗೆ. ಯಾರಿಗೆ ಶೇಕಡಾ ಎಷ್ಟು ಎಂಬುದು ಬಂದರಿನಿಂದ ಬಂದರಿಗೆ ಬೇರೆ, ಟ್ರಾಲ್ ಬೋಟಿಗೆ ಒಂದು, ಪರ್ಸೀನ್ ಬೋಟಿಗೆ ಇನ್ನೊಂದು. ಕೆಲವು ಬೋಟಿನವರು ಪಾಲಿನ ಜೊತೆ ದಿನದ ಬತ್ತೆಯನ್ನೂ ಕೊಡುತ್ತಾರೆ. ಈ ವ್ಯತ್ಯಾಸಗಳನ್ನೆಲ್ಲ ಪಟ್ಟಿ ಮಾಡುತ್ತ ಕೂತರೆ ಅಂಕಣ ಮುಗಿಯುವುದಿಲ್ಲ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಅಂಕಿಗಳು ನಾನು ಊಹಿಸಿಕೊಂಡವು, ಲೆಕ್ಕದ ರೀತಿ ಮಾತ್ರ ಧಕ್ಕೆಯದ್ದು.

ಆಳಸಮುದ್ರದ ಒಂದು ಟ್ರಾಲ್ ಬೋಟು ಮಲ್ಪೆಯಿಂದ ಹತ್ತು ದಿನಕ್ಕೆ ಹೊರಟಿತು ಅನ್ನಿ. ತಾಂಡೇಲನೂ ಸೇರಿ ಒಂಬತ್ತು ಜನ. 4,000 ಲೀಟರ್ ಡೀಸೆಲ್ ಉರಿಯಿತು, ಲೀಟರಿಗೆ 85 ರೂಪಾಯಿಯಂತೆ 3 ಲಕ್ಷ 40 ಸಾವಿರ. ಐಸು, ಅಕ್ಕಿ ಸಾಮಾನು, ಕುಡಿಯುವ ನೀರು, ಹರಾಜಿನ ಕಮಿಷನ್ ಎಲ್ಲ ಸೇರಿ 1 ಲಕ್ಷ. ಬಂದ ಮೀನು 7 ಲಕ್ಷ 40 ಸಾವಿರಕ್ಕೆ ಹೋಯಿತು. ಖರ್ಚು ಕಳೆದು ಉಳಿದದ್ದು 3 ಲಕ್ಷ. ಮೂರರಲ್ಲಿ ಒಂದು ಪಾಲು ಕೆಲಸದವರಿಗೆ ಎಂದಿಟ್ಟರೆ 1 ಲಕ್ಷ. ತಾಂಡೇಲನಿಗೆ ಎರಡು ಪಾಲು, ಉಳಿದ ಎಂಟು ಮಂದಿಗೆ ಒಂದೊಂದು, ಒಟ್ಟು ಹತ್ತು ಪಾಲು. ಒಬ್ಬ ಕಲಾಸಿಗೆ 10,000 ರೂಪಾಯಿ. ಹತ್ತು ದಿನ ರಾತ್ರಿ ಹಗಲೆನ್ನದೆ ಬಲೆ ಬಿಟ್ಟು ಎಳೆದದ್ದಕ್ಕೆ ಪರವಾಗಿಲ್ಲ ಎನಿಸುವ ದುಡ್ಡು.

ಮುಂದಿನ ಸಲ ಅದೇ ಬೋಟು, ಅದೇ ಜನ, ಅಷ್ಟೇ ಡೀಸೆಲ್. ಮೀನು ಮಾತ್ರ 5 ಲಕ್ಷ 40 ಸಾವಿರದ್ದು. ಮಾರಾಟ ಕಾಲುಭಾಗಕ್ಕಿಂತ ತುಸು ಹೆಚ್ಚು ಕಡಿಮೆಯಾಯಿತು, ಅಷ್ಟೇ. ಆದರೆ ಖರ್ಚು ಕಳೆದು ಉಳಿಯುವುದು 1 ಲಕ್ಷ, ಕೆಲಸದವರ ಭಾಗ 33 ಸಾವಿರ ಚಿಲ್ಲರೆ, ಕಲಾಸಿಯ ಕೈಗೆ 3,300. ಮೂರರಲ್ಲಿ ಎರಡು ಭಾಗ ಹೋಯಿತು! ಇನ್ನೂ ಒಂದು ಲಕ್ಷ ಕಡಿಮೆಯಾದರೆ ಹತ್ತು ದಿನದ ದುಡಿಮೆಗೆ ಸೊನ್ನೆ. ಮೀನು ಚೆನ್ನಾಗಿಯೇ ಬಿದ್ದು ಡೀಸೆಲ್ ಮಾತ್ರ ಲೀಟರಿಗೆ ಹತ್ತು ರೂಪಾಯಿ ಏರಿತು ಅನ್ನಿ, ಆಗಲೂ ಮೊದಲಿನ 10,000 ರೂಪಾಯಿ 8,700ರ ಆಸುಪಾಸಿಗೆ ಇಳಿಯುತ್ತದೆ. ಕರರಹಿತ ಡೀಸೆಲಿಗಾಗಿ ಕರಾವಳಿಯವರು ಯಾಕಷ್ಟು ಗಲಾಟೆ ಮಾಡುತ್ತಾರೆ ಎಂದು ಘಟ್ಟದ ಮೇಲಿನವರು ಕೇಳುವುದುಂಟು. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಿದಾಗ ಇಲ್ಲಿ ಅದೇ ದೊಡ್ಡ ಸುದ್ದಿಯಾಗಿತ್ತು. ಕಾರಣ ಈ ಲೆಕ್ಕದಲ್ಲಿದೆ. ಕಡಲಿನ ದುಡ್ಡಿನಲ್ಲಿ ಮೊದಲ ಪಂಕ್ತಿಯ ಊಟ ಡೀಸೆಲಿನದ್ದು, ಕಲಾಸಿ ಕೊನೆಯ ಪಂಕ್ತಿಯವ.

ಅಂಜಲಿನ ದರದ ಮಾತಿಗೆ ಬಂದರೆ, ಟ್ರಾಲ್ ಬೋಟಿನ ಹಿಡುವಳಿಯಲ್ಲಿ ಅಂಜಲ್, ಮಾಂಜಿಯಂಥವು ಸಿಕ್ಕರೆ ಸಿಕ್ಕಿತು. ಬೊಂಡಾಸ (ಸ್ಕ್ವಿಡ್), ಕಪ್ಪೆ ಬೊಂಡಾಸ (ಕಟಲ್‌ಫಿಶ್) ರಫ್ತಿಗೆ ಹೋಗುವುದರಿಂದ ಬೋಟಿನವರ ಆಸೆಯೆಲ್ಲ ಅವುಗಳ ಮೇಲೆ. ಆದರೆ ಬಲೆಯಲ್ಲಿ ತುಂಬುವುದು ಹೋಟೆಲಿನ ತಟ್ಟೆಗೆ ಎಂದೂ ಬಾರದ ಸಣ್ಣ ಮೀನು, ಮರಿಮೀನು. ಅದು ಲಾರಿ ಹತ್ತಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಹುಡಿಯಾಗುತ್ತದೆ, ಸಿಗಡಿ ಕೆರೆಗಳಿಗೂ ಕೋಳಿ ಫಾರಮಿಗೂ ಮೇವಾಗುತ್ತದೆ. ಡೀಸೆಲಿನ ಖರ್ಚಾದರೂ ಹುಟ್ಟಲಿ ಎಂದು ಮರಿಮೀನನ್ನೂ ಬಿಡದೆ ತರುತ್ತಾರೆ. ಆ ಮರಿ ದೊಡ್ಡದಾಗಿದ್ದರೆ ಬರುವ ವರ್ಷ ಅದೇ ಬೋಟಿಗೆ ಹತ್ತು ಪಟ್ಟು ದುಡ್ಡಾಗುತ್ತಿತ್ತು ಎಂದು ಗೊತ್ತಿಲ್ಲದ ತಾಂಡೇಲ ಕರಾವಳಿಯಲ್ಲಿ ಒಬ್ಬನೂ ಇಲ್ಲ.

ಮಲ್ಪೆಯಲ್ಲಿ ಒಮ್ಮೆ ಹೊನ್ನಾವರ ಕಡೆಯ ಕಲಾಸಿಯೊಬ್ಬರು ತಮ್ಮ ಲೆಕ್ಕ ತೋರಿಸಿದರು. ಬಲೆಯ ರಾಶಿಗೆ ಬೆನ್ನು ಕೊಟ್ಟು ಕೂತಿದ್ದರು, ಉಪ್ಪುನೀರಿಗೆ ಬೆರಳ ಸಂದುಗಳು ಬೆಳ್ಳಗೆ ಬಿರಿದಿದ್ದವು. ಪ್ಲಾಸ್ಟಿಕ್ ಲಕೋಟೆಯೊಳಗೆ ಮಗಳ ಹಳೆಯ ನೋಟುಬುಕ್ಕು. ಎಡಕ್ಕೆ ಬೋಟು ಇಳಿದ ತಾರೀಕು, ಬಲಕ್ಕೆ ಸಿಕ್ಕ ಪಾಲು, ನಡುವೆ ‘ಅಡ್ವಾನ್ಸಿಗೆ’ ಎಂದು ಬರೆದು ಕಳೆದ ಮೊತ್ತ. ಕೆಲವು ಸಾಲುಗಳಲ್ಲಿ ಬಲಗಡೆ ಒಂದು ಅಡ್ಡಗೆರೆ ಮಾತ್ರ ಇತ್ತು. ‘ಇದೆಂತ?’ ಎಂದೆ. ‘ಅದು ಗಾಳಿ ಎದ್ದು ಕಾರವಾರದಲ್ಲಿ ನಿಂತದ್ದು ಸರ್. ಡೀಸೆಲ್ ಖರ್ಚಾಯ್ತು, ಅಕ್ಕಿ ಖರ್ಚಾಯ್ತು, ಮೀನಿಲ್ಲ. ಎಂತ ಬರೆಯೂದು?’ ಎಂದರು. ಆ ಗೆರೆಗಳು 2019ರ ಸಾಲಿನವು. ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ, ಅದು ಹೋಗುವಷ್ಟರಲ್ಲಿ ಮಹಾ. ಒಳ್ಳೆಯ ಮೀನಿನ ಕಾಲದಲ್ಲಿ ದಿನಗಟ್ಟಲೆ ಬೋಟುಗಳು ದಡ ಹಿಡಿದು ನಿಂತ ವರ್ಷ ಅದು. ತಿಂಗಳಿಗೆ ಎಷ್ಟು ಎಂಬ ಪ್ರಶ್ನೆಗೆ ಅವರ ನೋಟುಬುಕ್ಕಿನಲ್ಲಿ ಕಾಲಂ ಇರಲೇ ಇಲ್ಲ.

ಆ ಅಡ್ವಾನ್ಸಿನ ಬಗ್ಗೆ ಒಂದು ಮಾತು. ಜುಲೈ ಕೊನೆಗೆ, ಬೋಟು ಕಡಲಿಗಿಳಿಯುವ ಮೊದಲೇ, ಮಾಲಿಕರು ತಮ್ಮ ಕಲಾಸಿಗಳಿಗೆ ಮುಂಗಡ ಕೊಟ್ಟು ಇಡೀ ಋತುವಿಗೆ ಗಟ್ಟಿ ಮಾಡಿಕೊಳ್ಳುತ್ತಾರೆ. ಕಲಾಸಿಗೆ ಅದು ಮಳೆಗಾಲದ ಸಾಲ ತೀರಿಸಲು, ಮಕ್ಕಳ ಶಾಲೆಯ ಖರ್ಚಿಗೆ. ಋತು ಚೆನ್ನಾಗಿ ನಡೆದರೆ ಡಿಸೆಂಬರಿನೊಳಗೆ ಹರಿದು ಹೋಗುತ್ತದೆ. ನಡೆಯದಿದ್ದರೆ ಬಾಕಿ ಮುಂದಿನ ವರ್ಷಕ್ಕೆ, ಅದರ ಜೊತೆ ಕಲಾಸಿಯೂ ಅದೇ ಬೋಟಿಗೆ. ಮಾಲಿಕನನ್ನು ಇಲ್ಲಿ ಖಳನಾಯಕ ಮಾಡುವುದು ಸುಲಭ. ಆದರೆ ಅವನ ಎರಡು ಪಾಲಿನಲ್ಲಿ ಬಲೆ, ಇಂಜಿನ್ ರಿಪೇರಿ, ಬ್ಯಾಂಕಿನ ಕಂತು ಎಲ್ಲ ಹೋಗಬೇಕು, ಮುಂಗಡ ತೆಗೆದುಕೊಂಡು ಬೇರೆ ಬಂದರಿಗೆ ಓಡಿದವರ ಬಾಕಿಯೂ ಅವನ ತಲೆಯ ಮೇಲೆಯೇ. ಬೋಟು ಮಾರಿ ಕೈತೊಳೆದುಕೊಂಡ ಮಾಲಿಕರು ನನ್ನ ಪರಿಚಯದವರಲ್ಲೇ ಇದ್ದಾರೆ.

ಹಿಂದೆ ಹೀಗಿರಲಿಲ್ಲವೇ ಎಂದರೆ, ಪಾಲು ಹಿಂದೆಯೂ ಇತ್ತು, ಅದನ್ನು ಹಂಚುವ ಬಗೆ ಬೇರೆ ಇತ್ತು. ರಂಪಣಿಯ ಕಾಲದಲ್ಲಿ ದಡದಿಂದಲೇ ಎಳೆಯುವ ದೊಡ್ಡ ಬಲೆಗೆ ಊರಿನ ಹತ್ತಾರು ಮಂದಿ ಕೈಹಾಕುತ್ತಿದ್ದರು, ಎಳೆದವರಿಗೆಲ್ಲ ಪಾಲು. ಡೀಸೆಲ್ ಇರಲಿಲ್ಲವಾದ್ದರಿಂದ ಕಳೆಯುವುದಕ್ಕೆ ಹೆಚ್ಚೇನೂ ಇರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು. ದಡಕ್ಕೆ ಬರಬೇಕಾದ ಬಂಗುಡೆ, ಬೂತಾಯಿಯ ಹಿಂಡನ್ನು ಕಡಲಲ್ಲೇ ಸುತ್ತುವರಿಯುವ ಬಲೆ ಅದು. ರಂಪಣಿಯವರು ಜಗಳಕ್ಕೆ ನಿಂತರು, ಸೋತರು. ಮೀನು ಹೆಚ್ಚು ಬಂತು, ರಾಜ್ಯದ ಲೆಕ್ಕ ಏರಿತು, ಹಂಚಿಕೊಳ್ಳುವ ಕೈಗಳು ಕಡಿಮೆಯಾದವು. ಇವತ್ತು ಪರ್ಸೀನಿನವರಿಗೂ ಹಿಂದಿನ ಗತ್ತಿಲ್ಲ. ಬೂತಾಯಿ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಕೇರಳದ ಅಂಕಿ ಸಾಕು: 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ 3,297 ಟನ್ನಿಗೆ ಇಳಿಯಿತು ಎಂದು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತು. ಕಡಲಿಗೆ ಕಾಸರಗೋಡಿನಲ್ಲಿ ಗಡಿಕಲ್ಲು ನೆಟ್ಟಿಲ್ಲವಲ್ಲ, ನಮ್ಮ ಪರ್ಸೀನಿನವರೂ ಆ ವರ್ಷಗಳಲ್ಲಿ ಖಾಲಿ ಬಲೆ ಎಳೆದರು.

ಬೋಟಿನ ಪಾಲಿನ ಹೊರಗೇ ಉಳಿದವರು ಮೀನು ಮಾರುವ ಹೆಂಗಸರು. ಅವರದ್ದು ಹರಾಜಿನಲ್ಲಿ ಕೊಂಡು ಬುಟ್ಟಿಯಲ್ಲಿ ಮಾರಿ ಸಂಜೆಗೆ ಮುಗಿಸುವ ವ್ಯಾಪಾರ. ಬೆಳಿಗ್ಗೆ ಕೊಳ್ಳುವ ದುಡ್ಡಿಗೆ ಬಡ್ಡಿ, ಐಸಿಗೆ ದುಡ್ಡು, ರಿಕ್ಷಾಕ್ಕೆ ದುಡ್ಡು, ಸಂಜೆ ಉಳಿದ ಮೀನು ಸಿಕ್ಕಿದ ದರಕ್ಕೆ. ದಿನದ ದುಡಿಮೆಯವರ ಈ ಲೆಕ್ಕ ಬ್ಯಾಂಕಿನವರಿಗೆ ಅರ್ಥವಾಗಿದ್ದ ಊರು ಇದು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಷ್ಟು ಹಿಂದೆಯೇ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಎತ್ತುವ ಪಿಗ್ಮಿ ಠೇವಣಿ ಶುರು ಮಾಡಿತ್ತು. ದಿನಕ್ಕಿಷ್ಟು ಎಂದು ಉಳಿಸುವುದನ್ನು ಕಲಿಸಿದ ಬ್ಯಾಂಕುಗಳು ದಿನಕ್ಕಿಷ್ಟು ಎಂದು ಸಾಲ ಕೊಡುವುದನ್ನು ಮಾತ್ರ ಕಲಿಯಲಿಲ್ಲ, ಆ ಜಾಗವನ್ನು ಖಾಸಗಿ ಬಡ್ಡಿಯವರು ಹಿಡಿದುಕೊಂಡರು. 2023ರ ಅದೇ ಬಜೆಟ್ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿತು. ನನ್ನ ಮಟ್ಟಿಗೆ ಅದು ಬಂದರಿಗೆ ಸುರಿದ ಕಾಂಕ್ರೀಟಿಗಿಂತ ಒಳ್ಳೆಯ ಖರ್ಚು.

ಇನ್ನು ಕಾಡು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕಡಲು ಮುಚ್ಚುವ ಅದೇ ಮಳೆಯಲ್ಲಿ, ಕುಮಟೆ, ಹೊನ್ನಾವರದ ಬೆನ್ನಿಗಿರುವ ಘಟ್ಟದಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಈ ಮರದ ಹುಳಿ ಸಿಪ್ಪೆ ನಮ್ಮ ಅಡುಗೆಮನೆಯ ಹಳೆಯ ಪರಿಚಯ, ಬೀಜದಿಂದ ತುಪ್ಪ ತೆಗೆಯುತ್ತಿದ್ದರು. 1990ರ ದಶಕದಲ್ಲಿ ಸಿಪ್ಪೆಯೊಳಗಿನ ಆಮ್ಲ ಮೈಯ ಬೊಜ್ಜು ಇಳಿಸುತ್ತದೆ ಎಂಬ ಸುದ್ದಿ ಹೊರದೇಶಗಳಲ್ಲಿ ಹಬ್ಬಿ, ಕೇಳುವವರಿಲ್ಲದ ಸಿಪ್ಪೆಗೆ ಬಂಗಾರದ ಬೆಲೆ ಬಂತು. ಕಾಡು ಸರಕಾರದ್ದಾದ್ದರಿಂದ ಸಂಗ್ರಹದ ಹಕ್ಕನ್ನು ಟೆಂಡರಿನಲ್ಲಿ ಗುತ್ತಿಗೆದಾರ ಹಿಡಿಯುತ್ತಾನೆ. ಜಾರುವ ಮರ ಹತ್ತಿ ಕೊಯ್ದವರು ಅವನಿಗೇ ಮಾರಬೇಕು. ಇವತ್ತು ನಾನು ಕೊಯ್ಯದಿದ್ದರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಪೈಪೋಟಿಯಲ್ಲಿ ಕಾಯಿ ಹಣ್ಣಾಗುವ ಮೊದಲೇ ಇಳಿಸಿದರು, ಕೆಲವರು ಕೊಂಬೆಯನ್ನೇ ಕಡಿದರು. ಮಳೆಯಲ್ಲಿ ಬಿಸಿಲೆಲ್ಲಿಂದ ಬರಬೇಕು? ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು.

ಅಲ್ಲಿಯೂ ಗಳಿಕೆ ನಿಂತಿರುವುದು ಒಣಗಿಸುವ ಶಕ್ತಿಯ ಮೇಲೆ. ಸ್ವಂತ ಒಲೆ, ಸೌದೆ, ಅಟ್ಟ ಇದ್ದವನು ಒಣಗಿಸಿಟ್ಟು ದರ ಏರಿದಾಗ ಮಾರುತ್ತಾನೆ. ಇಲ್ಲದವನು ಹಸಿಯನ್ನೇ ಅದೇ ದಿನ ಸಂಜೆ ಕೊಟ್ಟು ಬರುತ್ತಾನೆ. ಸಂಜೆ ಸಿಕ್ಕ ದರಕ್ಕೆ ಬುಟ್ಟಿ ಖಾಲಿ ಮಾಡುವ ಮೀನಿನ ಹೆಂಗಸಿಗೂ ಅವನಿಗೂ ದರ ನಿಗದಿ ಮಾಡುವವರು ಒಂದೇ ಜಾತಿಯವರು, ಕಾಯಬಲ್ಲವರು.

ಮರದ ದುಡ್ಡಂತೂ ಕಾಡಿನವರ ಕೈಗೆ ಎಂದೂ ಬಂದದ್ದಲ್ಲ. ಕೂಪಿನ ಕಡಿತದ ಕಾಲದಲ್ಲಿ ಮರದ ಬೆಲೆ ಇಲಾಖೆಗೆ, ಲಾಭ ಕಾರ್ಖಾನೆಗೆ, ಊರವರಿಗೆ ಕಡಿದ ಕೂಲಿ. 1983ರಲ್ಲಿ ಶಿರಸಿಯ ಸಲಕಣಿಯಲ್ಲಿ ಜನ ಮರ ಅಪ್ಪಿ ನಿಂತರು. ಆ ಅಪ್ಪಿಕೋ ಚಳವಳಿಯ ಬಳಿಕ ಘಟ್ಟದ ಸಹಜ ಕಾಡಿನಲ್ಲಿ ಹಸಿಮರ ಕಡಿಯುವುದು ನಿಲ್ಲುತ್ತ ಬಂತು, ಇಂಥ ಕಿರು ಉತ್ಪನ್ನಗಳೇ ಕಾಡಿನ ಆದಾಯವಾಗಿ ಉಳಿದವು. ಅದಕ್ಕೂ ಒಮ್ಮೊಮ್ಮೆ ಬೀಗ ಬೀಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಪಾಶಿ ತಂದು ತಮ್ಮ ಲ್ಯಾಂಪ್ಸ್ ಸಹಕಾರಿ ಸೊಸೈಟಿಗೆ ಮಾರುತ್ತಿದ್ದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಬೆನ್ನಿಗೆ ಅಭಯಾರಣ್ಯದಿಂದ ಏನನ್ನೂ ಮಾರಾಟಕ್ಕೆ ತರುವಂತಿಲ್ಲ ಎಂದಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದು, 2011ರಲ್ಲಿ ಸಮುದಾಯದ ಹಕ್ಕುಪತ್ರ ಸಿಗುವವರೆಗೆ ಅವರ ಕಾಡಿನ ಗಳಿಕೆ ಕಾನೂನಿನ ಕಣ್ಣಿನಲ್ಲಿ ಅಪರಾಧವಾಗಿತ್ತು. ಕಾಡಿನ ಕಡೆ ಸಂಬಳದ ಲೆಕ್ಕ ಕೇಳಬೇಕೆಂದರೆ ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಹೋಗಬೇಕು. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಅಲ್ಲಿ ದುಡಿಯುತ್ತವೆ. ಅವರ ಕೂಲಿ ದೊಡ್ಡದೆಂದು ನಾನು ಹೇಳಲಾರೆ. ಆದರೆ ಬೋನಸ್ಸು ಕಡಿಮೆಯಾಯಿತೆಂದು ಧರಣಿ ಕೂರಲು ಅವರಿಗೆ ಎದುರಿಗೊಬ್ಬ ಮಾಲಿಕನಿದ್ದಾನೆ. ಕಲಾಸಿ ಯಾರ ಮನೆಯ ಮುಂದೆ ಕೂರಬೇಕು? ಮಾಲಿಕನೂ ‘ನನಗೂ ಪಾಲು ಬರಲಿಲ್ಲ’ ಎಂದರೆ ಮಾತು ಮುಗಿಯಿತು.

ಮೀನುಗಾರಿಕೆ ನಿಷೇಧದ ದಿನಗಳಿಗೆ ಉಳಿತಾಯ ಪರಿಹಾರ ಯೋಜನೆ ಎಂಬುದೊಂದಿದೆ. ಮೀನುಗಾರ 1,500 ರೂಪಾಯಿ ಕಟ್ಟಬೇಕಿತ್ತು, ರಾಜ್ಯ 1,500, ಕೇಂದ್ರ 1,500, ಒಟ್ಟು 4,500. ವರ್ಷಗಟ್ಟಲೆ ನಡೆದ ಲೆಕ್ಕ ಅದು. 61 ದಿನಕ್ಕೆ ಹಂಚಿದರೆ ದಿನಕ್ಕೆ 74 ರೂಪಾಯಿಯೂ ಆಗುತ್ತಿರಲಿಲ್ಲ, ಅದರಲ್ಲಿ ಮೂರನೇ ಒಂದು ಭಾಗ ಅವನದ್ದೇ ದುಡ್ಡು. ಮೊತ್ತ ಏರಿಸಿ ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ಆದರೆ ಎಷ್ಟಕ್ಕೆ ಏರಿಸಬೇಕು ಎಂದು ಹೇಳಲು ಅವನ ನಿಜವಾದ ಗಳಿಕೆ ಎಲ್ಲಾದರೂ ದಾಖಲಾಗಿರಬೇಕಲ್ಲ? ಆಗಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಡನೆ ಕಣ್ಮರೆಯಾಯಿತು. ಐವರು ಉತ್ತರ ಕನ್ನಡದವರು. ಮುಂದಿನ ಮೇ ತಿಂಗಳಲ್ಲಿ ನೌಕಾಪಡೆ ಮಾಲ್ವಣದ ಬಳಿ ಕಡಲಡಿಯಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಮನೆಯ ದುಡಿಯುವ ಜೀವ ಹೀಗೆ ಹೋದಾಗ, ಆತನ ಆದಾಯ ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ ಕಲಾಸಿಯ ಮನೆಯವರ ಬಳಿ ತೋರಿಸಲು ಒಂದು ಕಾಗದ ಇರುವುದಿಲ್ಲ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದರೂ ಅದೇ ಪಾಡು.

ಹಾಗಾಗಿ ನಾನು ಕೇಳುವುದು ಸಣ್ಣದು. ಬೋಟು ದಡಕ್ಕೆ ಬಂದು ಲೆಕ್ಕ ಮುಗಿದ ಮೇಲೆ ಪ್ರತಿ ಕಲಾಸಿಗೆ ಒಂದು ಚೀಟಿ: ಮೀನು ಎಷ್ಟಕ್ಕೆ ಹೋಯಿತು, ಡೀಸೆಲ್ ಎಷ್ಟು, ಇತರ ಖರ್ಚು ಎಷ್ಟು, ನಿನ್ನ ಪಾಲು ಎಷ್ಟು, ಅಡ್ವಾನ್ಸಿಗೆ ಕಳೆದದ್ದೆಷ್ಟು. ಹರಾಜಿನ ಕಮಿಷನ್ನಿಗಾಗಿ ಧಕ್ಕೆಯಲ್ಲಿ ಹೇಗೂ ಎಲ್ಲ ಬರೆಯುತ್ತಾರೆ, ಹೊಸ ಖರ್ಚೇನೂ ಬೀಳುವುದಿಲ್ಲ. ಕಾಡಿನಲ್ಲಿ ಗುತ್ತಿಗೆದಾರನಿಗೂ ಇದೇ ಷರತ್ತು ಹಾಕಿ ಟೆಂಡರು ಕೊಡಬಹುದು. ಇದನ್ನು ಬೋಟು ಮಾಲಿಕರಾದ ಗೆಳೆಯರೊಬ್ಬರಿಗೆ ಹೇಳಿದೆ. ಕೇಳಿ ನಕ್ಕರು. ‘ಚೀಟಿ ಕೊಟ್ರೆ ನಾಳೆ ಅದನ್ನೇ ಪಕ್ಕದ ಬೋಟಿನವನಿಗೆ ತೋರಿಸಿ ಹೆಚ್ಚು ಪಾಲು ಕೇಳ್ತಾನೆ ಮಾರಾಯ್ರೆ’ ಎಂದರು. ಅವರು ಆಕ್ಷೇಪ ಎಂದುಕೊಂಡು ಹೇಳಿದ್ದು ನನಗೆ ಚೀಟಿಯ ಪರವಾದ ವಾದದ ಹಾಗೆ ಕೇಳಿಸಿತು.